ಗಡಿಯಾಚೆ ಗಾಯವಾದರೆ ಪರಿಹಾರ ಕೇಳುವುದು ಎಲ್ಲಿ?

ನಮ್ಮ ಗಡಿಯೂರುಗಳ ಬಾಳ್ವೆಯೇ ಒಂದು ಬಗೆಯದು. ಮನೆ ಒಂದು ರಾಜ್ಯದಲ್ಲಿ, ಸಂತೆ ಮತ್ತೊಂದು ರಾಜ್ಯದಲ್ಲಿ. ಹೊಲ ಇತ್ತ, ಮಗಳನ್ನು ಕೊಟ್ಟ ಊರು ಅತ್ತ. ಅಕ್ಕಲಕೋಟದವರು ಅಫಜಲಪುರಕ್ಕೂ ಇಂಡಿಗೂ ಹೋಗಿ ಬರುತ್ತಾರೆ. ಜತ್ತದವರು ವಿಜಯಪುರದ ಪೇಟೆಗೆ, ತಾಳವಾಡಿಯವರು ಚಾಮರಾಜನಗರಕ್ಕೆ, ಆದವಾನಿ ರಾಯದುರ್ಗಗಳವರು ಬಳ್ಳಾರಿಗೆ, ಕಾಸರಗೋಡಿನವರು ಮಂಗಳೂರಿಗೆ ಹೊರಡುತ್ತಾರೆ. ಎತ್ತಿಗೆ ಗಡಿಯ ಕಲ್ಲು ತಿಳಿಯದು. ದಿನದ ಓಡಾಟದಲ್ಲಿ ನಮಗೂ ಅದರ ನೆನಪಿರುವುದಿಲ್ಲ.

ಆದರೆ ಲಾರಿ ಬಡಿದು ಕಾಲು ಮುರಿದ ದಿನ, ಹೊಲದಲ್ಲಿ ಹರಿದು ಬಿದ್ದ ವಿದ್ಯುತ್ ತಂತಿ ತುಳಿದ ದಿನ, ಆನೆ ಅಟ್ಟಿಸಿಕೊಂಡು ಬಂದ ದಿನ ಆ ಕಲ್ಲು ತಾನಾಗಿ ಎದ್ದು ನಿಲ್ಲುತ್ತದೆ. ಪೊಲೀಸರು, ಡಾಕ್ಟರು, ವಿಮೆಯವರು, ತಹಸೀಲ್ದಾರರು ಎಲ್ಲರೂ ಮೊದಲು ಕೇಳುವ ಮಾತು ಒಂದೇ: "ಇದು ಯಾವ ರಾಜ್ಯದಲ್ಲಿ ಆಯಿತು?"

ಇಂಥ ಹೊತ್ತಿನಲ್ಲಿ ನಮ್ಮವರು ಎರಡು ಬಗೆಯಲ್ಲಿ ಮೋಸ ಹೋಗುವುದನ್ನು ನಾವು ಕಂಡಿದ್ದೇವೆ. ಕೆಲವರು, "ಪರರಾಜ್ಯದಲ್ಲಿ ಆದದ್ದು, ಅಲ್ಲಿಯ ಕೋರ್ಟಿಗೆ ಅಲೆಯುವುದು ನಮ್ಮಿಂದಾಗದು" ಎಂದು ಹೆದರಿ, ರಸ್ತೆಯ ಮೇಲೆಯೇ ಹತ್ತೋ ಇಪ್ಪತ್ತೋ ಸಾವಿರಕ್ಕೆ ಒಪ್ಪಿ ಹೆಬ್ಬೆಟ್ಟು ಒತ್ತಿ ಬರುತ್ತಾರೆ. ಇನ್ನು ಕೆಲವರು, "ನಮ್ಮ ತಾಲೂಕು ಕಚೇರಿಗೆ ಒಂದು ಅರ್ಜಿ ಕೊಟ್ಟರೆ ಎಲ್ಲವೂ ಆದೀತು" ಎಂದು ನಂಬಿ ಕುಳಿತು, ಅವಧಿ ಕಳೆದುಕೊಳ್ಳುತ್ತಾರೆ. ಮೊದಲನೆಯವರು ಇರುವ ಹಕ್ಕನ್ನು ಬಿಟ್ಟರು. ಎರಡನೆಯವರು ತಪ್ಪು ಬಾಗಿಲು ತಟ್ಟಿದರು. ನಷ್ಟ ಇಬ್ಬರಿಗೂ ಒಂದೇ.

ಪರಿಹಾರದ ವಿಷಯ ಮೂರು ಪ್ರಶ್ನೆಗಳ ಮೇಲೆ ನಿಂತಿದೆ. ಗಾಯ ಯಾವುದರಿಂದ ಆಯಿತು? ಎಲ್ಲಿ ಆಯಿತು? ಎಂದು ಆಯಿತು? ಮೊದಲನೆಯದರಿಂದ ಯಾವ ಕಾಯಿದೆ ಎಂಬುದು, ಎರಡನೆಯದರಿಂದ ಯಾವ ಬಾಗಿಲು ಎಂಬುದು, ಮೂರನೆಯದರಿಂದ ಬಾಗಿಲು ಎಷ್ಟು ದಿನ ತೆರೆದಿರುತ್ತದೆ ಎಂಬುದು ತಿಳಿಯುತ್ತದೆ. ಒಂದೊಂದನ್ನೇ ನೋಡೋಣ.

ಮೋಟಾರು ಅಪಘಾತ: ಮನೆಯ ಹತ್ತಿರವೇ ಕೇಳಬಹುದು

ಬಸ್ಸು, ಲಾರಿ, ಜೀಪು, ಮೋಟಾರು ಸೈಕಲ್ಲು, ಟ್ರಾಕ್ಟರುಗಳಿಂದಾಗುವ ಅಪಘಾತಕ್ಕೆ 1988ರ ಮೋಟಾರು ವಾಹನ ಕಾಯಿದೆ ಅನ್ವಯಿಸುತ್ತದೆ. ಇದು ಕೇಂದ್ರದ ಕಾಯಿದೆ. ಇಡೀ ದೇಶಕ್ಕೆ ಒಂದೇ. ಇದರ 166ನೆಯ ಕಲಮು ನಮ್ಮಂಥ ಗಡಿನಾಡಿನವರಿಗೆ ದೊಡ್ಡ ಉಪಕಾರ ಮಾಡಿದೆ. ಪರಿಹಾರದ ಅರ್ಜಿಯನ್ನು ಮೂರು ಕಡೆಗಳಲ್ಲಿ ಎಲ್ಲಿ ಬೇಕಾದರೂ ಹಾಕಬಹುದು: ಅಪಘಾತ ನಡೆದ ಸ್ಥಳದ ನ್ಯಾಯಮಂಡಳಿಯಲ್ಲಿ, ಅರ್ಜಿದಾರನು ವಾಸಿಸುವ ಇಲ್ಲವೆ ವ್ಯವಹಾರ ಮಾಡುವ ಸ್ಥಳದಲ್ಲಿ, ಅಥವಾ ಎದುರುಪಕ್ಷದವನು ವಾಸಿಸುವ ಸ್ಥಳದಲ್ಲಿ. ಆರಿಸುವ ಹಕ್ಕು ನೊಂದವನದು. ವಿಮೆ ಕಂಪನಿಯ ಶಾಖೆ ಇರುವ ಊರಿನಲ್ಲಿ ಅರ್ಜಿ ಹಾಕಿದ್ದನ್ನೂ ಸುಪ್ರೀಂ ಕೋರ್ಟು 2016ರಲ್ಲಿ ಎತ್ತಿ ಹಿಡಿದಿದೆ.

ಉದಾಹರಣೆಗೆ, ಜತ್ತ ತಾಲೂಕಿನ 38 ವರ್ಷದ ರೈತನೊಬ್ಬನು ವಿಜಯಪುರದ ಪೇಟೆಗೆ ಹೋಗಿ ಮರಳುವಾಗ ಲಾರಿ ಬಡಿದು ಕಾಲು ಮುರಿಯಿತು ಎಂದಿಟ್ಟುಕೊಳ್ಳೋಣ. ಫಿರ್ಯಾದಿ ದಾಖಲಾಗುವುದು ಕರ್ನಾಟಕದ ಠಾಣೆಯಲ್ಲಿ. ಆದರೆ ಪರಿಹಾರದ ಅರ್ಜಿಗಾಗಿ ಅವನು ತಿಂಗಳು ತಿಂಗಳು ವಿಜಯಪುರಕ್ಕೆ ಅಲೆಯಬೇಕಿಲ್ಲ. ತನ್ನ ಸಾಂಗಲಿ ಜಿಲ್ಲೆಯ ನ್ಯಾಯಮಂಡಳಿಯಲ್ಲಿಯೇ ಕೇಳಬಹುದು. ಲಾರಿಯ ಒಡೆಯನು ಯಾವ ದೂರದ ರಾಜ್ಯದವನಾದರೂ ಚಿಂತೆಯಿಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ಗಂಡ ಒಂದು ರಾಜ್ಯದಲ್ಲಿ, ಅಣ್ಣತಮ್ಮಂದಿರು ಇನ್ನೊಂದು ರಾಜ್ಯದಲ್ಲಿ ಎಂದು ಒಂದೇ ಅಪಘಾತಕ್ಕೆ ಬೇರೆ ಬೇರೆ ಕಡೆ ಅರ್ಜಿ ಹಾಕಿದರೆ ಕೆಲಸ ತೊಡಕಾಗುತ್ತದೆ. ಮೊದಲು ಹಾಕಿದ ಅರ್ಜಿ ಇದ್ದಲ್ಲಿಗೇ ಉಳಿದವು ಹೋಗಬೇಕೆಂದು ಸುಪ್ರೀಂ ಕೋರ್ಟು 2022ರ ಡಿಸೆಂಬರಿನಲ್ಲಿ ಹೇಳಿದೆ. ಮನೆಯವರೆಲ್ಲ ಕೂಡಿ ಮಾತಾಡಿಕೊಂಡು ಒಂದೇ ಊರನ್ನು ಗೊತ್ತುಮಾಡಿಕೊಳ್ಳುವುದು ಲೇಸು.

ಆರು ತಿಂಗಳ ಮಾತು

2019ರ ತಿದ್ದುಪಡಿಯಂತೆ, 2022ರ ಏಪ್ರಿಲ್ 1ರಿಂದ, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮ ಜಾರಿಗೆ ಬಂದಿದೆ. ಈ ನಿಯಮವನ್ನೇ ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋದವು. ತಡವಾಯಿತೆಂಬ ಒಂದೇ ಕಾರಣಕ್ಕೆ ಯಾರ ಅರ್ಜಿಯನ್ನೂ ತಳ್ಳಿಹಾಕಬಾರದೆಂದು ಆ ಕೋರ್ಟು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ಕೊಟ್ಟಿತು. ಆದಕಾರಣ ಅವಧಿ ಮೀರಿದವರು ನಿರಾಶರಾಗದೆ ವಕೀಲರನ್ನು ಕಾಣಬೇಕು. ಆದರೆ ಮಧ್ಯಂತರ ಆದೇಶವೆಂದರೆ ಮಳೆಗಾಲದ ಬಿಸಿಲು. ಅದನ್ನು ನಂಬಿ ಒಕ್ಕಣೆ ಹರಡಬಾರದು. ಹೊಸದಾಗಿ ಗಾಯವಾದವರು ಆರು ತಿಂಗಳನ್ನೇ ಗಡುವೆಂದು ತಿಳಿಯತಕ್ಕದ್ದು.

ಪೊಲೀಸರಿಗೂ ಗಡುವು ಉಂಟು. 2022ರ ನಿಯಮಗಳಂತೆ ಅಪಘಾತದ ಮೊದಲ ವರದಿಯನ್ನು 48 ಗಂಟೆಯೊಳಗೆ, ವಿವರವಾದ ವರದಿಯನ್ನು 90 ದಿನಗಳೊಳಗೆ ಅವರು ನ್ಯಾಯಮಂಡಳಿಗೆ ಕಳಿಸಬೇಕು. ಆ ವರದಿಯನ್ನೇ ಪರಿಹಾರದ ಅರ್ಜಿಯೆಂದು ನ್ಯಾಯಮಂಡಳಿ ಎಣಿಸುವುದಕ್ಕೆ ಕಾಯಿದೆಯಲ್ಲಿ ಅವಕಾಶವಿದೆ. ಆದರೂ ಅವರು ಕಳಿಸಿಯಾರು ಎಂದು ಕೈಕಟ್ಟಿ ಕೂಡಬಾರದು.

ಮೊತ್ತ ಹೇಗೆ ಕಟ್ಟುತ್ತಾರೆ?

ಎರಡು ದಾರಿಗಳಿವೆ. 164ನೆಯ ಕಲಮಿನಂತೆ ತಪ್ಪು ಯಾರದೆಂದು ಸಿದ್ಧಮಾಡುವ ಅಗತ್ಯವಿಲ್ಲದೆಯೇ ಸಾವಿಗೆ 5 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಬರುತ್ತದೆ. 166ನೆಯ ಕಲಮಿನಂತೆ ಎದುರಿನವನ ತಪ್ಪನ್ನು ತೋರಿಸಿ, ನಮಗಾದ ನಿಜವಾದ ನಷ್ಟವನ್ನು ಕೇಳಬಹುದು. ಮೊದಲನೆಯ ದಾರಿ ಹತ್ತಿರದ್ದು. ಎರಡನೆಯದು ದೂರದ್ದು, ಆದರೆ ಫಲ ಹೆಚ್ಚು. ಮೊದಲನೆಯ ಹಣವನ್ನು ವಿಮೆಯವರಿಂದ ಒಪ್ಪಿ ತೆಗೆದುಕೊಂಡರೆ ಎರಡನೆಯ ಅರ್ಜಿ ಬಿದ್ದುಹೋಗುತ್ತದೆ ಎಂಬುದನ್ನು ಮರೆಯಲಾಗದು. ವಿಮೆಯವರು ಆಸ್ಪತ್ರೆಗೇ ಬಂದು ಕಾಗದ ಮುಂದಿಟ್ಟರೆ, ಲೆಕ್ಕ ಹಾಕಿ ನೋಡದೆ ಸಹಿ ಮಾಡಬಾರದು.

ಲೆಕ್ಕ ಕಷ್ಟದ್ದಲ್ಲ. ವಯಸ್ಸಿಗೆ ತಕ್ಕ ಗುಣಕವೊಂದನ್ನು ಸುಪ್ರೀಂ ಕೋರ್ಟು 2009ರಲ್ಲಿ ಗೊತ್ತುಮಾಡಿದೆ. 26ರಿಂದ 30 ವರ್ಷದವರಿಗೆ 17, 36ರಿಂದ 40ರವರಿಗೆ 15, 46ರಿಂದ 50ರವರಿಗೆ 13, 56ರಿಂದ 60ರವರಿಗೆ 9. ಮೇಲೆ ಹೇಳಿದ ಜತ್ತದ ರೈತನ ಸ್ವಂತ ದುಡಿಮೆ ತಿಂಗಳಿಗೆ 10,000 ರೂಪಾಯಿ ಎನ್ನೋಣ. ವರ್ಷಕ್ಕೆ 1,20,000. ಗುಣಕ 15ರಿಂದ ಗುಣಿಸಿದರೆ 18,00,000. ಅವನ ದುಡಿಯುವ ಶಕ್ತಿ ನೂರಕ್ಕೆ 40ರಷ್ಟು ಹೋಗಿದ್ದರೆ 7,20,000. ನೂರಕ್ಕೆ 60ರಷ್ಟು ಹೋಗಿದ್ದರೆ 10,80,000. ಆಸ್ಪತ್ರೆಯ ಖರ್ಚು, ನೋವಿನ ಪರಿಹಾರ, ಹಾಸಿಗೆ ಹಿಡಿದ ತಿಂಗಳುಗಳ ಕೂಲಿ ಇವೆಲ್ಲ ಬೇರೆ.

ಇಲ್ಲಿಯೇ ರೈತನು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಡಾಕ್ಟರು ಬರೆದುಕೊಡುವ ಶೇಕಡಾ ಅಂಕಿ ಬೇರೆ, ದುಡಿಮೆಯ ನಷ್ಟದ ಅಂಕಿ ಬೇರೆ ಎಂದು ಸುಪ್ರೀಂ ಕೋರ್ಟು 2010ರಲ್ಲಿ ಬಿಡಿಸಿ ಹೇಳಿದೆ. ಮೊಣಕಾಲು ಮಡಚಲು ಬಾರದ ಗುಮಾಸ್ತನು ಕುರ್ಚಿಯ ಮೇಲೆ ಕುಳಿತು ಬರೆಯಬಲ್ಲನು. ಅದೇ ಮೊಣಕಾಲಿನ ಒಕ್ಕಲಿಗನು ಕುಂಟೆ ಹೊಡೆಯಲಾರ, ಕಳೆ ತೆಗೆಯಲಾರ, ಹಾಲು ಕರೆಯಲಾರ. ಆದಕಾರಣ "ನಾನು ದಿನವೂ ಏನೇನು ಕೆಲಸ ಮಾಡುತ್ತಿದ್ದೆ, ಈಗ ಯಾವ ಯಾವುದು ಆಗುವುದಿಲ್ಲ" ಎಂಬುದನ್ನು ಸಾಕ್ಷಿ ಹೇಳುವಾಗ ಒಂದೊಂದಾಗಿ ಹೇಳಬೇಕು. ಮೇಲಿನ ಲೆಕ್ಕದಲ್ಲಿ 40ಕ್ಕೂ 60ಕ್ಕೂ ಇರುವ ಅಂತರ 3,60,000 ರೂಪಾಯಿ. ಹೇಳದೆ ಬಿಟ್ಟ ನಾಲ್ಕು ಮಾತಿನ ಬೆಲೆ ಅಷ್ಟಿದೆ.

ಇನ್ನೊಂದು ಸೂಕ್ಷ್ಮ. ರೈತನು ತೀರಿಕೊಂಡರೂ ಹೊಲ ಮನೆಯವರಲ್ಲಿಯೇ ಉಳಿಯುತ್ತದೆ, ಆದ್ದರಿಂದ ಹೊಲದ ಪೂರ್ತಿ ಉತ್ಪನ್ನ ನಷ್ಟವಾಯಿತೆನ್ನಲಾಗದು ಎಂದು ಸುಪ್ರೀಂ ಕೋರ್ಟು 2003ರಲ್ಲಿ ಹೇಳಿತು. ಹೋದದ್ದು ಅವನ ದುಡಿಮೆ, ಅವನ ಮೇಲ್ವಿಚಾರಣೆ. ಅದನ್ನು ತುಂಬಲು ಈಗ ಆಳು ಇಡಬೇಕಾಗಿದೆಯೆ, ಅದಕ್ಕೆ ಏನು ಖರ್ಚು, ಹೊಲ ಪಾಲಿಗೆ ಹಾಕಬೇಕಾಯಿತೆ ಎಂಬುದನ್ನು ತೋರಿಸಿದವರಿಗೆ ನ್ಯಾಯವಾದ ಮೊತ್ತ ದೊರೆಯುತ್ತದೆ. ಬರಿಯ ಉತಾರ ಅಥವಾ ಪಹಣಿ ಹಿಡಿದು ನಿಂತರೆ ಸಾಲದು.

ರಾಜ್ಯದಿಂದ ರಾಜ್ಯಕ್ಕೆ ಮೊತ್ತ ಬದಲಾಗುವುದು ಮುಖ್ಯವಾಗಿ ಇಲ್ಲಿ. ಉತ್ಪನ್ನಕ್ಕೆ ಕಾಗದದ ಆಧಾರವಿಲ್ಲದಾಗ ಕರ್ನಾಟಕದ ಕೋರ್ಟುಗಳು ಅಪಘಾತವಾದ ವರ್ಷವನ್ನು ನೋಡಿ, ಅಲ್ಲಿಯ ಕಾನೂನು ಸೇವಾ ಪ್ರಾಧಿಕಾರವು ಲೋಕ ಅದಾಲತ್ತಿಗಾಗಿ ಮಾಡಿದ ಅಂದಾಜು ಆದಾಯದ ತಖ್ತೆಯನ್ನು ಬಳಸುವ ರೂಢಿ ಇದೆ. ಬೇರೆಡೆಗಳಲ್ಲಿ ಆಯಾ ರಾಜ್ಯದ ಕನಿಷ್ಠ ಕೂಲಿಯ ದರವನ್ನು ನೋಡುವುದುಂಟು. ಆ ದರ ರಾಜ್ಯಕ್ಕೊಂದು. ಕನಿಷ್ಠ ಕೂಲಿ ಒಂದು ಅಳತೆಗೋಲು ಮಾತ್ರ, ಅದೇ ಕೊನೆಯ ಮಾತಲ್ಲ ಎಂದು ಸುಪ್ರೀಂ ಕೋರ್ಟು 2021ರಲ್ಲಿ ಎಚ್ಚರಿಸಿದೆ. ಹೀಗಾಗಿ ಯಾವ ಊರಲ್ಲಿ ಅರ್ಜಿ ಹಾಕಬೇಕೆಂದು ಆರಿಸುವ ಮುನ್ನ ಎರಡೂ ಕಡೆಯ ರೂಢಿಯನ್ನು ಬಲ್ಲ ವಕೀಲರನ್ನು ಕೇಳುವುದು ಒಳ್ಳೆಯದು. ಆದರೆ ಎಲ್ಲ ತಖ್ತೆಗಳಿಗಿಂತ ಗಟ್ಟಿಯಾದದ್ದು ನಮ್ಮದೇ ಕಾಗದ: ಹಾಲಿನ ಸಂಘದ ಪುಸ್ತಕ, ಕಬ್ಬಿನ ಬಿಲ್ಲು, ಅಡತಿಯ ಪಟ್ಟಿ, ಬ್ಯಾಂಕಿನ ಪಾಸ್‌ಬುಕ್ಕು. ಇವನ್ನು ಒಲೆಗೆ ಹಾಕದೆ ಒಂದು ಚೀಲದಲ್ಲಿ ಕಟ್ಟಿಡಿರಿ.

ಬಡಿದ ವಾಹನ ಸಿಕ್ಕದಿದ್ದರೆ

ರಾತ್ರಿ ಬಡಿದು ಓಡಿಹೋದ ಲಾರಿ ಯಾವುದೆಂದು ತಿಳಿಯದೆ ಹೋದರೂ ಕೈಚೆಲ್ಲಬೇಕಾಗಿಲ್ಲ. ಅಂಥಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಕೊಡುವ ಕೇಂದ್ರದ ಯೋಜನೆ 2022ರಿಂದ ಜಾರಿಯಲ್ಲಿದೆ. ಆದರೆ ಇದರ ಬಾಗಿಲು ನ್ಯಾಯಮಂಡಳಿಯಲ್ಲ, ಅಪಘಾತವಾದ ತಾಲೂಕಿನ ಕಂದಾಯ ಅಧಿಕಾರಿಗಳದು. ಇಲ್ಲಿ ಮನೆಯ ಹತ್ತಿರದ ಕಚೇರಿಗೆ ಕೊಟ್ಟ ಅರ್ಜಿ ಕೆಲಸಕ್ಕೆ ಬಾರದು.

ಚಿಕಿತ್ಸೆಯ ವಿಷಯದಲ್ಲಿಯೂ ಒಂದು ಅನುಕೂಲವಾಗಿದೆ. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದಿಲ್ಲದೆ ಚಿಕಿತ್ಸೆ ಕೊಡುವ ಯೋಜನೆಯನ್ನು ಕೇಂದ್ರ ಸರಕಾರ 2025ರ ಮೇ ತಿಂಗಳಲ್ಲಿ ಪ್ರಕಟಿಸಿತು. ಗಾಯಾಳುವನ್ನು ಗಡಿ ದಾಟಿಸಿ ನಮ್ಮೂರ ಕಡೆಗೇ ಒಯ್ಯಬೇಕೆಂಬ ಹಟ ಬೇಡ. ಹತ್ತಿರದ ಆಸ್ಪತ್ರೆಯೇ ಮೊದಲು. ಜೀವ ಉಳಿದರೆ ಉಳಿದದ್ದೆಲ್ಲ.

ಟ್ರಾಕ್ಟರಿನ ತೊಡಕು

ನಮ್ಮ ಊರುಗಳಲ್ಲಿ ಟ್ರಾಕ್ಟರಿನ ಮಡ್‌ಗಾರ್ಡಿನ ಮೇಲೆ ಇಬ್ಬರು, ಟ್ರೇಲರಿನಲ್ಲಿ ಇಪ್ಪತ್ತು ಮಂದಿ ಕುಳಿತು ಜಾತ್ರೆಗೋ ಮದುವೆಗೋ ಹೋಗುವುದು ರೂಢಿ. ಟ್ರಾಕ್ಟರಿನ ವಿಮೆ ಒಕ್ಕಲುತನದ ಕೆಲಸಕ್ಕೆಂದು ಮಾಡಿಸಿದ್ದು. ಬೇರೆ ಕೆಲಸಕ್ಕೆ ಬಳಸಿದಾಗ ಟ್ರೇಲರಿನಿಂದ ಬಿದ್ದವರಿಗೆ ವಿಮೆ ಕಂಪನಿ ಹೊಣೆಯಲ್ಲ ಎಂಬ ವಾದವನ್ನು ಸುಪ್ರೀಂ ಕೋರ್ಟು 2007ರಲ್ಲಿ ಒಪ್ಪಿತು. ಬಡ ಕೂಲಿಯವನ ಮೇಲೆ ದಯವಿಟ್ಟು, ಕಂಪನಿಯೇ ಮೊದಲು ಹಣ ಕೊಟ್ಟು ಆಮೇಲೆ ಒಡೆಯನಿಂದ ವಸೂಲು ಮಾಡಿಕೊಳ್ಳಲಿ ಎಂದು ಆ ಖಟ್ಲೆಯಲ್ಲಿ ಆದೇಶವಾಯಿತು. ಎಂದರೆ ಕೊನೆಗೆ ಭಾರ ಬಿದ್ದದ್ದು ಟ್ರಾಕ್ಟರಿನ ಒಡೆಯನ ಮೇಲೆ. ಊರ ಮದುವೆಗೆ ಉಪಕಾರವೆಂದು ಟ್ರಾಕ್ಟರು ಕೊಟ್ಟವನ ಹೊಲ ಜಪ್ತಿಗೆ ಬರುವ ಸಂಭವ ಇದು. ಟ್ರಾಕ್ಟರು ಇದ್ದವರು ತಮ್ಮ ವಿಮೆಯ ಕಾಗದವನ್ನು ಇಂದೇ ತೆಗೆದು, ಟ್ರೇಲರು ಅದರಲ್ಲಿ ಸೇರಿದೆಯೆ, ಕೂಲಿಯಾಳುಗಳು ಸೇರಿದ್ದಾರೆಯೆ ಎಂದು ಓದಿಸಿ ನೋಡಬೇಕು.

ಕೂಲಿಯ ಮೇಲೆ ಗಾಯವಾದರೆ

ಕಬ್ಬು ಕಡಿಯಲು, ತೋಟದ ಕೆಲಸಕ್ಕೆ, ಬಾವಿ ತೋಡಲು ಗಡಿ ದಾಟಿ ಹೋಗುವ ನಮ್ಮವರು ಬಹಳ. ಕೆಲಸದ ಮೇಲೆ ಆದ ಗಾಯಕ್ಕೆ ಕೆಲಸ ಕೊಟ್ಟವನು ಪರಿಹಾರ ಕೊಡಬೇಕೆಂಬ 1923ರ ಹಳೆಯ ಕಾಯಿದೆ ಇತ್ತು. ಅದರ ಸ್ಥಾನದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಸಾವಾದರೆ ತಿಂಗಳ ಕೂಲಿಯ ಅರ್ಧವನ್ನು, ಪೂರ್ತಿ ಅಂಗವಿಕಲನಾದರೆ ನೂರಕ್ಕೆ 60ನ್ನು, ವಯಸ್ಸಿಗೆ ಗೊತ್ತುಮಾಡಿದ ಅಂಕಿಯಿಂದ ಗುಣಿಸುತ್ತಾರೆ. 40 ವರ್ಷದವನಿಗೆ ಆ ಅಂಕಿ 184.17. ತಿಂಗಳ ಕೂಲಿ 12,000 ಇದ್ದವನು ತೀರಿಕೊಂಡರೆ 6,000ವನ್ನು 184.17ರಿಂದ ಗುಣಿಸಿ 11,05,020 ರೂಪಾಯಿ ಅವನ ಮನೆಯವರಿಗೆ ಸಲ್ಲಬೇಕು. ಟ್ರಾಕ್ಟರು ಮತ್ತಿತರ ಯಂತ್ರಗಳಿಂದ ನಡೆಯುವ ಒಕ್ಕಲುತನದ ಕೆಲಸ ಹಳೆಯ ಕಾಯಿದೆಯ ಪಟ್ಟಿಯಲ್ಲೂ ಇತ್ತು. ಗಡುವು ಎರಡು ವರ್ಷ.

ಇಲ್ಲಿ ಕಷ್ಟ ಬರುವುದು ಕೆಲಸ ಕೊಟ್ಟವನು ಯಾರೆಂದು ಸಿದ್ಧಮಾಡುವುದರಲ್ಲಿ. ಮುಕಾದಮನ ಬಾಯಿಮಾತಿನ ಮೇಲೆ ಹೋದವನ ಹತ್ತಿರ ಯಾವ ಕಾಗದವೂ ಇರುವುದಿಲ್ಲ. ಮುಂಗಡ ಪಡೆದ ಚೀಟಿ, ಫೋನಿನಲ್ಲಿ ಬಂದ ಹಣದ ದಾಖಲೆ, ಜೊತೆಯವರ ಹೆಸರುಗಳು, ಹೊಲದಲ್ಲಿ ತೆಗೆದ ಒಂದು ಪಟ ಇಷ್ಟಿದ್ದರೂ ಆಧಾರವಾಗುತ್ತದೆ. ಕೆಲಸದ ಮೇಲೆ ಇದ್ದಾಗಲೇ ವಾಹನದಿಂದ ಗಾಯವಾದರೆ ಕೂಲಿಯ ಕಾಯಿದೆಯ ಪರಿಹಾರ, ಮೋಟಾರು ಕಾಯಿದೆಯ ಪರಿಹಾರ ಇವೆರಡರಲ್ಲಿ ಒಂದನ್ನು ಮಾತ್ರ ಕೇಳಬಹುದು. ಆರಿಸುವ ಮೊದಲು ಎರಡೂ ಲೆಕ್ಕವನ್ನು ಹಾಕಿ ನೋಡಬೇಕು.

ಕಾಡುಪ್ರಾಣಿ: ತುಳಿದ ನೆಲ ಯಾರದು?

ಇಷ್ಟು ಹೊತ್ತು ಹೇಳಿದ್ದು ಹೆಚ್ಚಾಗಿ ಕೇಂದ್ರದ ಕಾಯಿದೆಗಳ ಮಾತು. ಕಾಡುಪ್ರಾಣಿಯಿಂದಾದ ಗಾಯ, ಸಾವುಗಳಿಗೆ ಹಣ ಕೊಡುವುದು ರಾಜ್ಯ ಸರಕಾರ; ದರವೂ ರಾಜ್ಯಕ್ಕೊಂದು. ಆನೆಗೆ ರಾಜ್ಯವಿಲ್ಲ, ಆನೆ ತುಳಿದ ನೆಲಕ್ಕೆ ರಾಜ್ಯವಿದೆ. ತಾಳವಾಡಿಯವನು ಚಾಮರಾಜನಗರದ ಕಡೆಯ ಹೊಲದಲ್ಲಿ ಆನೆಗೆ ಸಿಕ್ಕಿದರೆ ಅರ್ಜಿ ಕೊಡಬೇಕಾದದ್ದು ಕರ್ನಾಟಕದ ಅರಣ್ಯ ಇಲಾಖೆಗೆ. ವಯನಾಡಿನ ತೋಟದಲ್ಲಾದರೆ ಕೇರಳದ ಇಲಾಖೆಗೆ.

ದರದ ಅಂತರ ಸಣ್ಣದಲ್ಲ. ಸಾವಿಗೆ ಕೊಡುವ ಮೊತ್ತವನ್ನು ಕರ್ನಾಟಕವು 2022ರ ಡಿಸೆಂಬರಿನಲ್ಲಿ 7.5 ಲಕ್ಷದಿಂದ 15 ಲಕ್ಷಕ್ಕೆ ಏರಿಸಿತು. ಮಹಾರಾಷ್ಟ್ರವು 2023ರಲ್ಲಿ 25 ಲಕ್ಷಕ್ಕೆ ಏರಿಸಿತು. ಕೇಂದ್ರವು ತನ್ನ ಹುಲಿ, ಆನೆ ಯೋಜನೆಗಳಡಿಯ ಮೊತ್ತವನ್ನು 2023ರ ಡಿಸೆಂಬರಿನಲ್ಲಿ 10 ಲಕ್ಷ ಮಾಡಿತು. ಈ ಅಂಕಿಗಳನ್ನು ಸರಕಾರಗಳು ಆಗಾಗ ತಿದ್ದುತ್ತವೆ. ಅರ್ಜಿ ಕೊಡುವ ದಿನ ಚಾಲ್ತಿಯಲ್ಲಿರುವ ಆದೇಶವನ್ನು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಕೇಳಿ ತಿಳಿಯಬೇಕು. ಗಾಯವಾದ ಜಾಗದಲ್ಲಿಯೇ ಅರಣ್ಯ ಸಿಬ್ಬಂದಿಯನ್ನು ಕರೆಸಿ ಪಂಚನಾಮೆ ಮಾಡಿಸುವುದು ಎಲ್ಲಕ್ಕಿಂತ ಮುಖ್ಯ. ಹೆಜ್ಜೆ ಗುರುತು ಒಂದು ಮಳೆಗೆ ಅಳಿದುಹೋಗುತ್ತದೆ. ಆಮೇಲೆ ಅದು ಆನೆಯೋ ಎತ್ತೋ ಎಂಬ ವಾದ ಹುಟ್ಟುತ್ತದೆ.

ವಿದ್ಯುತ್ ತಂತಿ ತಗುಲಿದರೆ

ತಂತಿ ಹರಿದು ಬಿದ್ದು ಆಳು ಸತ್ತರೆ, ವಿದ್ಯುತ್ ಮಂಡಳಿಯ ಅಲಕ್ಷ್ಯವನ್ನು ಸಿದ್ಧಮಾಡದೆಯೂ ಅದನ್ನು ಹೊಣೆ ಮಾಡಬಹುದೆಂದು ಸುಪ್ರೀಂ ಕೋರ್ಟು 2002ರಲ್ಲಿ ಹೇಳಿದೆ. ಅಪಾಯದ ಸರಕನ್ನು ನಡೆಸುವವನೇ ಅದರ ಹೊಣೆ ಹೊರಬೇಕು ಎಂಬುದು ಇದರ ತಿರುಳು. ಆದರೆ ಇಲ್ಲಿ ಮೋಟಾರು ಕಾಯಿದೆಯ ಅನುಕೂಲವಿಲ್ಲ. ದಿವಾಣಿ ದಾವೆಯನ್ನು ಗಾಯವಾದ ಸ್ಥಳದಲ್ಲಿ, ಇಲ್ಲವೆ ಎದುರುಪಕ್ಷದವರ ಕಚೇರಿ ಇರುವಲ್ಲಿ ಮಾತ್ರ ಹಾಕಬಹುದು. ನಮ್ಮ ಮನೆ ಇರುವ ಊರಿನಲ್ಲಿ ಅಲ್ಲ. ಸಾವಾದಲ್ಲಿ 1855ರ ಕಾಯಿದೆಯಂತೆ ಹೆಂಡತಿ ಅಥವಾ ಗಂಡ, ತಂದೆತಾಯಿ, ಮಕ್ಕಳ ಪರವಾಗಿ ದಾವೆ ಹಾಕಲು ಎರಡು ವರ್ಷ ಅವಧಿ. ಲೈನಿನ ಕಚೇರಿಗೆ ಬರಹದಲ್ಲಿ ದೂರು ಕೊಟ್ಟು ಪೋಚು ಪಡೆಯಿರಿ. ವಿದ್ಯುತ್ ಪರಿವೀಕ್ಷಕರ ವರದಿಯ ನಕಲನ್ನು ಕೇಳಿರಿ. ಆ ವರದಿಯೇ ಇಂಥ ದಾವೆಯ ಬೆನ್ನೆಲುಬು.

ಹೊಲದ ಕಾಗದ ಹಿಡಿದು ಬರುವ ನೆರವು

ಇನ್ನೊಂದು ಬಗೆಯ ನೆರವು ಗಾಯವಾದ ನೆಲವನ್ನಲ್ಲ, ನಮ್ಮ ಹೊಲದ ದಾಖಲೆಯನ್ನು ಹಿಡಿದು ಬರುತ್ತದೆ. ಮಹಾರಾಷ್ಟ್ರದಲ್ಲಿ ಗೋಪಿನಾಥ ಮುಂಡೆ ಅವರ ಹೆಸರಿನ ರೈತ ಅಪಘಾತ ಅನುದಾನ ಯೋಜನೆಯಿದೆ. ಸಾತಬಾರಾ ಉತಾರದಲ್ಲಿ ಹೆಸರಿದ್ದ ರೈತನಿಗೂ, ಅವನ ಮನೆಯ ಇನ್ನೊಬ್ಬ ಸದಸ್ಯನಿಗೂ, 10ರಿಂದ 75 ವರ್ಷದವರೆಗೆ ಅದು ಅನ್ವಯಿಸುತ್ತದೆ. ಅಪಘಾತದಿಂದ ಸಾವಾದರೆ ಅಥವಾ ಎರಡು ಕೈಕಾಲು, ಎರಡು ಕಣ್ಣು ಹೋದರೆ 2 ಲಕ್ಷ. ಒಂದು ಹೋದರೆ 1 ಲಕ್ಷ. ಹಾವು ಚೇಳಿನ ಕಡಿತ, ಸಿಡಿಲು, ವಿದ್ಯುತ್ತು, ಔಷಧಿ ಹೊಡೆಯುವಾಗಿನ ವಿಷಬಾಧೆ, ನೀರಿನಲ್ಲಿ ಮುಳುಗುವುದು ಇವೂ ಅದರಲ್ಲಿ ಸೇರಿವೆ. ತಾಲೂಕಾ ಕೃಷಿ ಅಧಿಕಾರಿಗೆ 30 ದಿನಗಳೊಳಗೆ ಅರ್ಜಿ ಕೊಡಬೇಕು. ಸೊಲ್ಲಾಪುರ, ಅಕ್ಕಲಕೋಟ, ಜತ್ತಗಳ ನಮ್ಮ ಓದುಗರು ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಲಿ.

ತೆಲಂಗಾಣದಲ್ಲಿ 2018ರ ಆಗಸ್ಟಿನಿಂದ ನಡೆದುಬಂದ ರೈತು ಬೀಮಾ ಇದೆ. 18ರಿಂದ 59 ವರ್ಷದ ಪಟ್ಟಾದಾರ ರೈತನು ಯಾವ ಕಾರಣದಿಂದ ತೀರಿಕೊಂಡರೂ ಮನೆಯವರಿಗೆ 5 ಲಕ್ಷ. ಬರಿಯ ಗಾಯಕ್ಕೆ ಅದರಲ್ಲಿ ಹಣವಿಲ್ಲ. ಎಲ್ಲ ರಾಜ್ಯದವರಿಗೂ ಸಮನಾದದ್ದು ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟುವ ಪ್ರಧಾನಮಂತ್ರಿ ಸುರಕ್ಷಾ ಬೀಮಾ: 18ರಿಂದ 70 ವರ್ಷದವರಿಗೆ ಅಪಘಾತದ ಸಾವಿಗೆ 2 ಲಕ್ಷ, ಒಂದು ಕಣ್ಣು, ಕೈ ಅಥವಾ ಕಾಲು ಹೋದರೆ 1 ಲಕ್ಷ. ಮನೆಯವರಿಗೆ ಗೊತ್ತಿಲ್ಲದೆ ಖಾತೆಯಿಂದ ಈ 20 ರೂಪಾಯಿ ಪ್ರತಿವರ್ಷ ಕಳೆಯುತ್ತಿರಬಹುದು. ಸಾವಿನ ಮನೆಯವರು ಪಾಸ್‌ಬುಕ್ಕು ತೆಗೆದು ನೋಡಬೇಕು. ಆಯುರ್ವಿಮೆಯ ಹಣ ಬಂತೆಂದು ಮೋಟಾರು ಪರಿಹಾರದಿಂದ ಅದನ್ನು ಕಳೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟು 1998ರಲ್ಲಿಯೇ ಹೇಳಿದೆ.

ಭಾಷೆಯ ಅಡ್ಡಿ

ಗಡಿಯಾಚೆಯ ಕನ್ನಡಿಗನಿಗೆ ಇರುವ ಹೆಚ್ಚಿನ ಕಷ್ಟ ಭಾಷೆಯದು. ಮರಾಠಿಯಲ್ಲೋ ತಮಿಳಿನಲ್ಲೋ ಬರೆದ ಹೇಳಿಕೆಗೆ ತಿಳಿಯದೆ ಸಹಿ ಮಾಡಿ, ಆಮೇಲೆ ತಪ್ಪು ತನ್ನದೇ ಎಂದು ಬರೆದಿರುವುದನ್ನು ಕಂಡು ಬಾಯಿಬಿಟ್ಟವರುಂಟು. ಹೇಳಿಕೆಯನ್ನು ಓದಿಸಿ, ನಮ್ಮ ಮಾತಿನಲ್ಲಿ ಅರ್ಥ ಹೇಳಿಸಿಕೊಂಡ ಮೇಲೆಯೇ ಸಹಿ ಹಾಕಬೇಕು. ಫಿರ್ಯಾದಿಯ ಒಂದು ನಕಲನ್ನು ಪುಕ್ಕಟೆ ಕೊಡುವುದು ಪೊಲೀಸರ ಕರ್ತವ್ಯ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಂತೆ, ಅಪರಾಧ ಯಾವ ಠಾಣೆಯ ಹದ್ದಿನಲ್ಲಿ ನಡೆದರೂ ಫಿರ್ಯಾದಿಯನ್ನು ಬೇರೆ ಠಾಣೆಯಲ್ಲಿಯೂ ಕೊಡಬಹುದು.

ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ವಿಶೇಷ ಅವಕಾಶವೇ ಇದೆ. ಆದಕಾರಣ ಕಾಸರಗೋಡಿನ ರೈತನು ಕನ್ನಡದಲ್ಲಿ ಅರ್ಜಿ ಕೊಡಲು ಅಳುಕಬೇಕಿಲ್ಲ. ಆದರೆ ನ್ಯಾಯಮಂಡಳಿಯ ಭಾಷೆ ಬೇರೆಯಾದಾಗ ಕಾಗದಗಳ ಅನುವಾದ ಬೇಕಾಗುತ್ತದೆ. ನಮ್ಮ ಜತ್ತದ ರೈತನ ಕನ್ನಡ ಫಿರ್ಯಾದಿ ಸಾಂಗಲಿಯಲ್ಲಿ ಮರಾಠಿಯಾಗಬೇಕು. ಆ ಖರ್ಚನ್ನೂ ಆ ದಿನಗಳನ್ನೂ ಮೊದಲೇ ಎಣಿಸಿಕೊಳ್ಳಬೇಕು.

ದಲ್ಲಾಳಿಗಳಿಂದ ದೂರ

ಆಸ್ಪತ್ರೆಯ ಬಾಗಿಲಲ್ಲಿ, "ಎಲ್ಲ ನಾವು ಮಾಡಿಸುತ್ತೇವೆ, ಬಂದದ್ದರಲ್ಲಿ ಅರ್ಧ ನಮಗೆ" ಎನ್ನುವವರು ಸಿಗುತ್ತಾರೆ. ಬಂದ ಪರಿಹಾರದಲ್ಲಿ ಪಾಲು ಕೇಳುವುದು ವಕೀಲರ ನಿಯಮಗಳಿಗೆ ವಿರೋಧ. ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸಹಿ ಮಾಡಬೇಡಿರಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರು ಇವರಿಗೆ 1987ರ ಕಾಯಿದೆಯಂತೆ ಪುಕ್ಕಟೆ ವಕೀಲರ ನೆರವು ಸಿಗುತ್ತದೆ. ಪ್ರತಿ ಜಿಲ್ಲಾ ನ್ಯಾಯಾಲಯದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಿದೆ. ಫೋನಿನಲ್ಲಿ 15100 ಒತ್ತಿದರೂ ದಾರಿ ಹೇಳುತ್ತಾರೆ.

ಗಾಯವಾದ ಸ್ಥಳವನ್ನು ಬಿಡುವ ಮುನ್ನ ಆ ರಾಜ್ಯದ ಕಾಗದಗಳನ್ನು ಕೈಗೆ ತೆಗೆದುಕೊಳ್ಳಿರಿ: ಫಿರ್ಯಾದಿಯ ನಕಲು, ಪಂಚನಾಮೆ, ಮೊದಲು ನೋಡಿದ ಡಾಕ್ಟರರ ಚೀಟಿ, ವಾಹನದ ನಂಬರು. ಮನೆಗೆ ಬಂದ ಮೇಲೆ ಗಡುವಿನ ತಾರೀಖುಗಳನ್ನು ಪಂಚಾಂಗದ ಮೇಲೆಯೇ ಬರೆಯಿರಿ: 30 ದಿನ, ಆರು ತಿಂಗಳು, ಎರಡು ವರ್ಷ. ಆಮೇಲೆ ಯಾವ ಬಾಗಿಲು ಮನೆಯ ಹತ್ತಿರ, ಯಾವುದು ಗಡಿಯಾಚೆ ಎಂದು ವಿಚಾರಿಸಿರಿ. ಕೆಲವು ಹಣಕ್ಕಾಗಿ ಗಡಿ ದಾಟಲೇಬೇಕು, ಕೆಲವಕ್ಕೆ ದಾಟಬೇಕಿಲ್ಲ. ಯಾವುದು ಯಾವುದೆಂದು ತಿಳಿಯದೆ ಮನೆಯಲ್ಲಿ ಕುಳಿತವನ ಕೈಗೆ ಎರಡೂ ಬಾರವು.